ಹೆಸರು ಆಮೇಲೆ, ಕೆಲಸ ಮೊದಲು

ಕೊಪ್ಪಳದಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು ಮತ್ತು ಬಿ.ಇಡಿ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ನಮ್ಮ ಭಾಗದ ಯಾವ ಹೈಸ್ಕೂಲಿಗೆ ಹೋಗಿ ಯಾವ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆರೆದರೂ ಮೊದಲ ಪುಟಗಳಲ್ಲೇ ಒಂದು ಸಾಲು ಸಿಗುತ್ತದೆ: 'ಎ ನೌನ್ ಈಸ್ ದ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್.' ಸ್ಕೇಲ್ ಇಟ್ಟು ಎಳೆದ ಅಡಿಗೆರೆ, ಕೆಳಗೆ ರಾಮ, ಕೊಪ್ಪಳ, ಪೆನ್ ಎಂದು ಉದಾಹರಣೆ. ಮಗು ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತದೆ. ಅದೇ ಮಗುವಿಗೆ 'ಐ ಗೋ ಫಾರ್ ಎ ರನ್' ಎಂಬ ವಾಕ್ಯ ಕೊಟ್ಟು ಇದರಲ್ಲಿ ನೌನ್ ಯಾವುದು ಎಂದು ಕೇಳಿ ನೋಡಿ. ಐ ಎಂಬುದು ಪ್ರೊನೌನ್, ಗೋ ವರ್ಬ್, ಫಾರ್ ಪ್ರಿಪೊಸಿಷನ್. 'ರನ್ ಅಂದ್ರ ಓಡೋದು, ಅದೂ ವರ್ಬ್ ರೀ ಸರ್. ಇದರಾಗ ನೌನ್ ಇಲ್ಲ.'

ಮಗು ಹೇಳಿದ್ದರಲ್ಲಿ ತರ್ಕ ಇದೆ. ನಾವು ಕೊಟ್ಟ ವ್ಯಾಖ್ಯೆ ಪದದ ಅರ್ಥ ನೋಡು ಅನ್ನುತ್ತದೆ, ಮಗು ಅರ್ಥವನ್ನೇ ನೋಡಿತು. ಇಂಗ್ಲಿಷ್ ನೋಡುವುದು ಪದ ಕೂತ ಜಾಗವನ್ನು. ಬೆನ್ನ ಹಿಂದೆ 'ಎ' ಇದೆ, ಅದರ ಹಿಂದೆ 'ಫಾರ್' ಇದೆ. ಆ ಜಾಗದಲ್ಲಿ ಯಾವ ಪದ ಬಂದು ಕೂತರೂ ಅದು ನೌನ್. 'ವಾಟರ್' ಎಂಬ ಪದ 'ಗಿವ್ ಮಿ ವಾಟರ್' ಅಂದಾಗ ನಾಮಪದ, 'ವಾಟರ್ ದ ಪ್ಲಾಂಟ್ಸ್' ಅಂದಾಗ ಕ್ರಿಯಾಪದ, 'ವಾಟರ್ ಟ್ಯಾಂಕ್' ಅಂದಾಗ ಇನ್ನೊಂದು ನಾಮಪದಕ್ಕೆ ವಿಶೇಷಣದಂತೆ ಅಂಟಿಕೊಂಡದ್ದು. ಪದದ ರೂಪದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಕನ್ನಡದಲ್ಲಿ ಹೀಗಾಗುವುದು ಕಡಿಮೆ. 'ಹೊಲಿ' ಕ್ರಿಯೆ, 'ಹೊಲಿಗೆ' ನಾಮ. 'ನಗು' ಎಂಬಂಥ ಕೆಲವು ಪದ ಎರಡೂ ಕಡೆ ನಿಲ್ಲುತ್ತವೆ, ಆದರೆ ಬಹುತೇಕ ಕಡೆ ಪದದ ಕೊನೆ ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ.

ಈ ಹೊತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ವ್ಯಾಕರಣದ ಪರಿಭಾಷೆ ಎಂದರೆ ಕೆಲಸಗಳಿಗೆ ಇಟ್ಟ ಹೆಸರು. ಆ ಕೆಲಸಗಳಲ್ಲಿ ಬಹಳಷ್ಟನ್ನು ನಮ್ಮ ಮಕ್ಕಳು ತಮ್ಮ ಮನೆಮಾತಿನಲ್ಲಿ ದಿನಾ ಮಾಡುತ್ತಿದ್ದಾರೆ. ಕನ್ನಡ ಪ್ರತ್ಯಯದಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ಜಾಗದಿಂದಲೋ ಒಂದು ಸಣ್ಣ ಬಿಡಿ ಪದದಿಂದಲೋ ಮಾಡುತ್ತದೆ. ಎಲ್ಲಿ ಎರಡೂ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಶಿಕ್ಷಕರಿಗೆ ಸರಿಯಾಗಿ ತಿಳಿದಿದ್ದರೆ ಹೆಸರು ಕಲಿಸುವುದು ಒಂದು ದಿನದ ಕೆಲಸ. ಅಲಂಕಾರಗಳ ವಿಷಯದಲ್ಲೂ ಇದೇ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ನೌನ್, ವರ್ಬ್ ಎಂದು ಪದಗಳನ್ನು ವಿಂಗಡಿಸುವ ಎಂಟು ಪಾರ್ಟ್ಸ್ ಆಫ್ ಸ್ಪೀಚ್ ಎಲ್ಲಿಂದ ಬಂದವು? ಗ್ರೀಕ್ ವ್ಯಾಕರಣಕಾರ ಡಯೋನಿಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಉಳಿದುಬಂದ ಪುಟ್ಟ ವ್ಯಾಕರಣದಲ್ಲಿ ಎಂಟು ವರ್ಗಗಳಿವೆ. ಅದರಲ್ಲಿ ಆರ್ಟಿಕಲ್ (ಇಂಗ್ಲಿಷಿನ 'ಎ', 'ದ' ಥರದ ಪದ) ಇತ್ತು, ಇಂಟರ್ಜೆಕ್ಷನ್ (ಅಯ್ಯೋ, ಓಹೋ ಥರದ ಉದ್ಗಾರ) ಇರಲಿಲ್ಲ. ಲ್ಯಾಟಿನ್ ಭಾಷೆಗೆ ಆರ್ಟಿಕಲ್ಲೇ ಇಲ್ಲ. ಲ್ಯಾಟಿನ್ ವ್ಯಾಕರಣಕಾರರು ಅದನ್ನು ತೆಗೆದು ಇಂಟರ್ಜೆಕ್ಷನ್ ಸೇರಿಸಿ ಲೆಕ್ಕವನ್ನು ಎಂಟಕ್ಕೇ ನಿಲ್ಲಿಸಿದರು. ವಿಲಿಯಂ ಬುಲೋಕರ್ 1586ರಲ್ಲಿ ಇಂಗ್ಲಿಷಿನ ಮೊದಲ ವ್ಯಾಕರಣ ಪುಸ್ತಕ ಅಚ್ಚು ಹಾಕಿಸಿದಾಗ ಕಣ್ಣ ಮುಂದಿದ್ದ ಮಾದರಿ ಲ್ಯಾಟಿನ್ನೇ. ಗ್ರೀಕ್, ಲ್ಯಾಟಿನ್ ಎರಡೂ ವಿಭಕ್ತಿ ಪ್ರತ್ಯಯಗಳು ತುಂಬಿದ ಭಾಷೆಗಳು. ಹಳೆಯ ಇಂಗ್ಲಿಷಿಗೂ ವಿಭಕ್ತಿಗಳಿದ್ದವು, ಶತಮಾನಗಳು ಉರುಳಿದ ಹಾಗೆ ಸವೆದುಹೋದವು. ಅಂದರೆ ಪ್ರತ್ಯಯದ ಭಾಷೆಗಳನ್ನು ಅಳೆದು ಹೊಲಿದ ಅಂಗಿಯನ್ನು ಪ್ರತ್ಯಯ ಕಳೆದುಕೊಂಡ ಭಾಷೆಗೆ ತೊಡಿಸಿದರು. ಅಂಗಿ ಅಲ್ಲಲ್ಲಿ ಸಡಿಲ, ಅಲ್ಲಲ್ಲಿ ಬಿಗಿ.

ನಮಗೆ ಇದರಲ್ಲೊಂದು ಅನುಕೂಲ ಇದೆ. ಕನ್ನಡ ಪ್ರತ್ಯಯದ ಭಾಷೆ. 13ನೇ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದಾಗ ನಾಮ, ಆಖ್ಯಾತ (ಕ್ರಿಯಾಪದ), ಅವ್ಯಯ ಎಂದು ವಿಂಗಡಿಸಿ, ವಿಭಕ್ತಿಗಳನ್ನು ಒಂದೊಂದಾಗಿ ತೋರಿಸಿದ. ಸಂಸ್ಕೃತದ ಚೌಕಟ್ಟು ಹಿಡಿದು ಹೊರಟರೂ ಕನ್ನಡಕ್ಕೇ ವಿಶಿಷ್ಟವಾದ ಲಕ್ಷಣಗಳನ್ನು ಬೇರೆಯಾಗಿ ಎತ್ತಿ ಹೇಳುವ ಎಚ್ಚರ ಅವನಿಗಿತ್ತು. ಆ ಎಚ್ಚರ ಇಂಗ್ಲಿಷ್ ಕಲಿಸುವ ನಮಗೂ ಬೇಕು. ಕೇಸ್ (ವಿಭಕ್ತಿ), ಕಾನ್ಕರ್ಡ್ (ಕರ್ತೃವಿಗೂ ಕ್ರಿಯಾಪದಕ್ಕೂ ಇರುವ ಹೊಂದಾಣಿಕೆ), ಆಬ್ಜೆಕ್ಟ್ (ಕರ್ಮ) ಎಂಬ ಮಾತುಗಳು ಲಂಡನ್ನಿನ ಮಗುವಿಗಿಂತ ಕುಷ್ಟಗಿಯ ಮಗುವಿಗೆ ಬೇಗ ಅರ್ಥವಾಗಬೇಕು. ಅದರ ಬಾಯಲ್ಲಿ ಅವೆಲ್ಲ ಆಗಲೇ ಇವೆ.

ಒಂದು ಪ್ರಯೋಗ ಇಲ್ಲೇ ಮಾಡೋಣ ಎಂದು ಮುಂದಿನ ಸಾಲಿನ ಮೂವರನ್ನು ಎಬ್ಬಿಸಿ ಒಬ್ಬೊಬ್ಬರ ಕೈಗೆ ಒಂದು ಚೀಟಿ ಕೊಟ್ಟೆ: 'ನಾಯಿ', 'ಹುಡುಗನ್ನ', 'ಕಚ್ಚಿತು'. ಸಾಲಾಗಿ ನಿಲ್ಲಿಸಿ ಓದಿಸಿದೆವು. ಆಮೇಲೆ ಜಾಗ ಬದಲಿಸಿದೆವು. ಹುಡುಗನ್ನ ನಾಯಿ ಕಚ್ಚಿತು. ಕಚ್ಚಿತು ಹುಡುಗನ್ನ ನಾಯಿ. ನಾಯಿ ಕಚ್ಚಿತು ಹುಡುಗನ್ನ. ಒತ್ತು ಬದಲಾಯಿತು, ಕೇಳಿದ ಸೊಗಸು ಬದಲಾಯಿತು, ಕಚ್ಚಿಸಿಕೊಂಡವನು ಮಾತ್ರ ಹುಡುಗನೇ. ಏಕೆಂದರೆ 'ಅನ್ನು' ಎಂಬ ಪ್ರತ್ಯಯ ಅವನ ಬೆನ್ನಿಗಿದೆ, ಅವನು ಎಲ್ಲಿ ನಿಂತರೂ ಅದು ಜತೆಗೆ ಹೋಗುತ್ತದೆ. ಈಗ ಚೀಟಿ ಬದಲಿಸಿ: 'ದ ಡಾಗ್', 'ಬಿಟ್', 'ದ ಬಾಯ್'. ತುದಿಯ ಇಬ್ಬರೂ ಜಾಗ ಬದಲಿಸಿದ ಕೂಡಲೇ ಹುಡುಗನೇ ನಾಯಿಯನ್ನು ಕಚ್ಚಿದ. ಸಭೆ ನಕ್ಕಿತು, ಆ ನಗುವಿನಲ್ಲೇ ಪಾಠ ಮುಗಿದಿತ್ತು. ಕ್ರಿಯಾಪದದ ಮುಂಚಿನ ಜಾಗದ ಹೆಸರು ಸಬ್ಜೆಕ್ಟ್, ಅದರ ನಂತರದ ಜಾಗದ ಹೆಸರು ಆಬ್ಜೆಕ್ಟ್. ಇಷ್ಟನ್ನು ನೋಡಿದ ಮಗುವಿಗೆ ಆ ಎರಡು ಹೆಸರು ಹೇಳಿ, ಮರೆಯುವುದಿಲ್ಲ. ಹಳೆಯ ವಿಭಕ್ತಿ ಇಂಗ್ಲಿಷಿನಲ್ಲಿ ಎಲ್ಲಿ ಉಳಿದಿದೆ ಎಂಬುದನ್ನೂ ಆಗಲೇ ತೋರಿಸಬಹುದು: ಹಿ-ಹಿಮ್, ಶಿ-ಹರ್, ದೆ-ದೆಮ್, ಹೂ-ಹೂಮ್. ನಾಮಪದಗಳಲ್ಲಿ ಉಳಿದದ್ದು 'ರಾಮಾಸ್ ಬುಕ್' ಎಂಬಲ್ಲಿನ ಷಷ್ಠಿ ಒಂದೇ.

ಪ್ರಿಪೊಸಿಷನ್ ಕೂಡ ಇದೇ ಕತೆ. ಕನ್ನಡದಲ್ಲಿ ಪದದ ಕೊನೆಗೆ ಬರುವುದು ಇಂಗ್ಲಿಷಿನಲ್ಲಿ ಪದಕ್ಕಿಂತ ಮೊದಲು ಬರುತ್ತದೆ ಎಂದು ನಾವು ಹೇಳಿ ಮುಗಿಸಿಬಿಡುತ್ತೇವೆ. ಮಗು ಎಡವುವುದು ಅಲ್ಲಿ ಅಲ್ಲ. ನಮ್ಮ ಒಂದು ಪ್ರತ್ಯಯಕ್ಕೆ ಅವರಲ್ಲಿ ಒಂದೇ ಪದ ಸಿಗುವುದಿಲ್ಲ, ತೊಡಕು ಅಲ್ಲಿದೆ. 'ಗೆ' ಪ್ರತ್ಯಯವನ್ನೇ ತೆಗೆದುಕೊಳ್ಳಿ. ಸಾಲಿಗೆ ಹೋದ ಅಂದರೆ 'ಟು ಸ್ಕೂಲ್'. ಎಂಟು ಗಂಟೆಗೆ ಬಂದ ಅಂದರೆ 'ಅಟ್ ಏಟ್'. ಸೋಮವಾರಕ್ಕೆ ಮುಗಿಸಿಕೊಡು ಅಂದರೆ 'ಬೈ ಮಂಡೆ'. ಅಪ್ಪಗ ಜ್ವರ ಬಂದಾವ ಅಂದರೆ ಯಾವ ಪ್ರಿಪೊಸಿಷನ್ನೂ ಇಲ್ಲ, ಅಪ್ಪನೇ ಸಬ್ಜೆಕ್ಟ್ ಆಗಿಬಿಡುತ್ತಾನೆ: 'ಫಾದರ್ ಹ್ಯಾಸ್ ಫೀವರ್'. ಕಿಲೋಕ್ಕೆ ಅರವತ್ತು ರೂಪಾಯಿ ಅಂದರೆ ಅಲ್ಲಿ ಬರುವುದು ಆರ್ಟಿಕಲ್: 'ಸಿಕ್ಸ್ಟಿ ರುಪೀಸ್ ಎ ಕಿಲೋ'. ನಮ್ಮ ಒಂದು ಅಕ್ಷರ ಅಲ್ಲಿ ಐದು ದಾರಿ ಹಿಡಿಯಿತು. 'ಅಲ್ಲಿ' ಕೂಡ ಹಾಗೆಯೇ: ಕೊಪ್ಪಳದಲ್ಲಿ 'ಇನ್', ಬಸ್ ಸ್ಟ್ಯಾಂಡಿನಲ್ಲಿ 'ಅಟ್', ಬಸ್ಸಿನಲ್ಲಿ ಕೂತಿದ್ದಾನೆ ಅಂದರೆ 'ಆನ್', ಬಸ್ಸಿನಲ್ಲಿ ಬಂದ ಅಂದರೆ 'ಬೈ'. ಪ್ರಿಪೊಸಿಷನ್‌ಗಳ ಪಟ್ಟಿ ಬರೆಸಿ ಅರ್ಥ ಬಾಯಿಪಾಠ ಮಾಡಿಸುವುದರಿಂದ ಇದು ಬರುವುದಿಲ್ಲ. ಒಂದು ಕನ್ನಡ ಪ್ರತ್ಯಯವನ್ನು ಹಲಗೆಯ ನಡುವೆ ಬರೆದು, ಅದರ ಸುತ್ತ ಮಕ್ಕಳ ಬಾಯಿಂದಲೇ ಹತ್ತು ವಾಕ್ಯ ತೆಗೆಸಿ, ಒಂದೊಂದನ್ನೂ ಇಂಗ್ಲಿಷಿಗೆ ತಂದು ನೋಡಿದರೆ ಬರುತ್ತದೆ.

ಆರ್ಟಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಲ್ಲಿ ಅದಿಲ್ಲ, ಆದ್ದರಿಂದ ಕಿವಿಗೆ ಬೀಳುವಷ್ಟು ಓದಿಸದೆ ಅದು ಕೂರುವುದಿಲ್ಲ. ಎ, ಎನ್ ನಿರ್ಧಾರವಾಗುವುದು ಅಕ್ಷರದಿಂದ ಅಲ್ಲ, ಉಚ್ಚಾರದಿಂದ ಎಂಬುದನ್ನಂತೂ ಬಿಡದೆ ಹೇಳಿ: 'ಎನ್ ಅವರ್', 'ಎ ಯೂನಿವರ್ಸಿಟಿ'. ಕನ್ನಡ ಲಿಪಿಯಲ್ಲಿ ಬರೆದು ತೋರಿಸಿದರೆ ಮಕ್ಕಳಿಗೆ ಥಟ್ಟನೆ ಕಾಣುತ್ತದೆ. ಅವರ್ ಸ್ವರದಿಂದ ಶುರು, ಯೂನಿವರ್ಸಿಟಿ 'ಯ'ಕಾರದಿಂದ ಶುರು. ನಮ್ಮ ಲಿಪಿ ಉಚ್ಚಾರವನ್ನೇ ಬರೆಯುವ ಲಿಪಿ, ಅದನ್ನು ಇಲ್ಲಿ ಬಳಸಿಕೊಳ್ಳದೆ ಇರುವುದು ನಷ್ಟ.

ಕ್ರಿಯಾಪದಕ್ಕೆ ಬರೋಣ. 'ಶಿ ಗೋ ಟು ಸ್ಕೂಲ್' ಎಂದು ಬರೆದ ಮಗುವಿಗೆ ನಾವು ಕಾನ್ಕರ್ಡ್ ಗೊತ್ತಿಲ್ಲ ಅನ್ನುತ್ತೇವೆ. ಅದೇ ಮಗು ಮನೆಯಲ್ಲಿ ನಾ ಹೋಗ್ತೀನಿ, ನೀ ಹೋಗ್ತಿ, ಅವ ಹೋಗ್ತಾನ, ಅಕಿ ಹೋಗ್ತಾಳ, ಅದು ಹೋಗ್ತೈತಿ, ಅವ್ರು ಹೋಗ್ತಾರ ಎಂದು ಆರು ರೂಪಗಳನ್ನು ಒಂದು ತಪ್ಪಿಲ್ಲದೆ ಆಡುತ್ತದೆ. ಪುರುಷ, ವಚನ, ಲಿಂಗ ಮೂರನ್ನೂ ಕ್ರಿಯಾಪದದಲ್ಲಿ ಹೊಂದಿಸುವ ಮಗುವಿಗೆ ಹೊಂದಾಣಿಕೆ ಎಂದರೇನೆಂದು ಹೊಸದಾಗಿ ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ 'ಬಿ' ಕ್ರಿಯಾಪದವನ್ನು (ಆ್ಯಮ್, ಈಸ್, ಆರ್, ವಾಸ್, ವರ್) ಬಿಟ್ಟರೆ ಆ ಆರರಲ್ಲಿ ಉಳಿದದ್ದು ಒಂದೇ 'ಎಸ್', ಅದೂ ವರ್ತಮಾನದಲ್ಲಿ, ಪ್ರಥಮ ಪುರುಷ (ಇಂಗ್ಲಿಷಿನವರ ಥರ್ಡ್ ಪರ್ಸನ್) ಏಕವಚನದಲ್ಲಿ ಎಂದು ಹೇಳಬೇಕು. ಆ 'ಎಸ್' ನಾಮಪದಕ್ಕೆ ಹತ್ತಿದರೆ ಬಹುವಚನ, ಕ್ರಿಯಾಪದಕ್ಕೆ ಹತ್ತಿದರೆ ಏಕವಚನ. 'ಬಾಯ್ಸ್ ಪ್ಲೇ, ಬಾಯ್ ಪ್ಲೇಸ್.' ಗೊಂದಲ ಇಲ್ಲಿ ಹುಟ್ಟುತ್ತದೆ. ಇನ್ನು ಕನ್ನಡದಲ್ಲಿ 'ಬಂದಳು' ಎಂಬ ಒಂದೇ ಪದ ಪೂರ್ಣ ವಾಕ್ಯ. ಬಂದವರು ಯಾರೆಂದು ಪ್ರತ್ಯಯವೇ ಹೇಳುತ್ತದೆ. ಇಂಗ್ಲಿಷಿನ 'ಕೇಮ್' ಅದನ್ನು ಹೇಳಲಾರದು, ಹಾಗಾಗಿ ಸಬ್ಜೆಕ್ಟ್ ಜಾಗ ಖಾಲಿ ಬಿಡುವಂತಿಲ್ಲ. ಎಷ್ಟರಮಟ್ಟಿಗೆ ಎಂದರೆ ಕರ್ತೃವೇ ಇಲ್ಲದ ಕಡೆಗೂ ಒಂದು 'ಇಟ್' ತಂದು ಕೂರಿಸುತ್ತಾರೆ: 'ಇಟ್ ಈಸ್ ರೇನಿಂಗ್'.

ಆ ವಾಕ್ಯವನ್ನೇ ಹಿಡಿದು ಟೆನ್ಸಿಗೆ ಹೋಗೋಣ. ಕೊಪ್ಪಳದ ಕಡೆ ಮಳಿ ಬರಾಕತ್ತೈತಿ ಅನ್ನುತ್ತಾರೆ, ರಾಯಚೂರಿನ ಕಡೆ ಮಳಿ ಬರ್ಲಿಕತ್ತದ ಅನ್ನುತ್ತಾರೆ. 'ಹತ್ತು' ಎಂಬ ಕ್ರಿಯಾಪದ ಇನ್ನೊಂದು ಕ್ರಿಯೆಗೆ ಸಹಾಯಕವಾಗಿ ಬಂದು, ಕೆಲಸ ನಡೆಯುತ್ತಿದೆ, ಮುಗಿದಿಲ್ಲ ಎಂದು ಹೇಳುತ್ತದೆ. 'ಈಸ್ ರೇನಿಂಗ್' ಎಂಬಲ್ಲಿ 'ಈಸ್' ಮತ್ತು 'ಇಂಗ್' ಸೇರಿ ಮಾಡುವುದೂ ಅದನ್ನೇ. ಪುಸ್ತಕದ ಕನ್ನಡದ 'ಬರುತ್ತಿದೆ'ಗಿಂತ ನಮ್ಮ ಆಡುಮಾತಿನಲ್ಲಿ ಎರಡು ತುಂಡುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಕಲಿಸಲು ಸುಲಭ. ಹನ್ನೆರಡು ಟೆನ್ಸ್ ಎಂದು ಕೋಷ್ಟಕ ಹಾಕಿಸಿ ಮಕ್ಕಳನ್ನು ಹೆದರಿಸುವುದಕ್ಕಿಂತ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ. ಯಾವಾಗ ಎಂಬುದು ಟೆನ್ಸ್: ಹಿಂದೆ, ಈಗ, ಮುಂದೆ. ಹೇಗೆ ಎಂಬುದು ಆಸ್ಪೆಕ್ಟ್: ಸುಮ್ಮನೆ ಆದದ್ದು, ನಡೆಯುತ್ತಿರುವುದು, ಆಗಿ ಇನ್ನೂ ಲೆಕ್ಕಕ್ಕೆ ಬರುವುದು, ಮೊದಲಿಂದ ನಡೆದು ಇನ್ನೂ ನಡೆಯುತ್ತಿರುವುದು. ಮೂರು ನಾಕ್ಲೆ ಹನ್ನೆರಡು. ಕ್ರಿಯಾಪದದ ರೂಪದ ಮಟ್ಟಿಗೆ ನೋಡಿದರೆ ಇಂಗ್ಲಿಷಿಗಿರುವುದು ವರ್ತಮಾನ, ಭೂತ ಎರಡೇ. ಭವಿಷ್ಯವನ್ನು 'ವಿಲ್' ಮುಂತಾದ ಸಹಾಯಕ ಪದಗಳಿಂದ ಕಟ್ಟಿಕೊಳ್ಳುತ್ತದೆ. ನಮ್ಮ ಮಾತಿನಲ್ಲೂ 'ದಿನಾ ಬರ್ತೀನಿ', 'ನಾಳಿ ಬರ್ತೀನಿ' ಎರಡಕ್ಕೂ ರೂಪ ಒಂದೇ ಅಲ್ಲವೆ?

ಇದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪ್ರೆಸೆಂಟ್ ಪರ್ಫೆಕ್ಟ್. ಇದನ್ನು ಕಲಿಸಲು ಕಷ್ಟ ಎಂದು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಆದರೆ ನಮ್ಮ ಭಾಗದ ಕನ್ನಡದಲ್ಲಿ ಅದಕ್ಕೆ ಅಚ್ಚುಕಟ್ಟಾದ ರೂಪವೇ ಇದೆ. ಅಪ್ಪ ಎಲ್ಲದಾನ ಎಂದು ಕೇಳಿದರೆ ಮಗು 'ಸಂತಿಗೆ ಹೋಗ್ಯಾನ' ಅನ್ನುತ್ತದೆ. 'ಸಂತಿಗೆ ಹೋದ' ಅನ್ನುವುದಿಲ್ಲ. ಹೋದ ಎಂದರೆ ಆದ ಘಟನೆ ಹೇಳಿ ಕೈಬಿಟ್ಟ ಹಾಗೆ. ಹೋಗ್ಯಾನ ಎಂದರೆ ಹೋದವನು ಇನ್ನೂ ಅಲ್ಲೇ ಇದ್ದಾನೆ, ಈಗ ಮನೆಯಲ್ಲಿ ಸಿಗುವುದಿಲ್ಲ. 'ಹಿ ಹ್ಯಾಸ್ ಗಾನ್' ಹೇಳುವುದು ಅದನ್ನೇ. ಬಂದ-ಬಂದಾನ, ತಿಂದ-ತಿಂದಾನ, ಮಾಡಿದ-ಮಾಡ್ಯಾನ: ಈ ಜೋಡಿಗಳನ್ನು ಎಡಕ್ಕೆ ಬಲಕ್ಕೆ ಬರೆದು, ಎದುರಿಗೆ ಕೇಮ್-ಹ್ಯಾಸ್ ಕಮ್, ಏಟ್-ಹ್ಯಾಸ್ ಈಟನ್, ಡಿಡ್-ಹ್ಯಾಸ್ ಡನ್ ಎಂದು ಬರೆದರೆ, ಪರ್ಫೆಕ್ಟ್ ಎಂಬ ಹೆಸರನ್ನು ಕೊನೆಗೆ ಹೇಳಿದರೂ ನಡೆಯುತ್ತದೆ.

ಹಾಗಿದ್ದರೆ ನಮ್ಮವರು 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೆ' ಎಂದು ಯಾಕೆ ಬರೆಯುತ್ತಾರೆ? ದಾರಿ ಬೇರೆಯಾಗುವುದು ಇಲ್ಲೇ. ಕನ್ನಡದಲ್ಲಿ 'ನಿನ್ನಿ ಬಂದಾನ' ಎನ್ನಬಹುದು, ಯಾರ ಕಿವಿಗೂ ಚುಚ್ಚುವುದಿಲ್ಲ. ಇಂಗ್ಲಿಷ್ ಒಪ್ಪುವುದಿಲ್ಲ. ಯೆಸ್ಟರ್ಡೆ, ಲಾಸ್ಟ್ ವೀಕ್, ಇನ್ 2010 ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ಅದು ಸಾದಾ ಭೂತಕಾಲಕ್ಕೆ ಇಳಿಯಬೇಕು. ಇದರ ಉಲ್ಟಾ ಇನ್ನೊಂದು ಇದೆ. 'ಸೋಮವಾರದಿಂದ ಇಲ್ಲೇ ಅದಾನ' ಎಂದು ನಾವು ವರ್ತಮಾನದಲ್ಲಿ ಹೇಳುವುದನ್ನು ಅವರು ಪರ್ಫೆಕ್ಟಿನಲ್ಲಿ ಹೇಳುತ್ತಾರೆ: 'ಹಿ ಹ್ಯಾಸ್ ಬೀನ್ ಹಿಯರ್ ಸಿನ್ಸ್ ಮಂಡೆ'. ಮಗು 'ಹಿ ಈಸ್ ಹಿಯರ್ ಸಿನ್ಸ್ ಮಂಡೆ' ಎಂದು ಬರೆದರೆ ಅದು ಕನ್ನಡವನ್ನು ನಿಷ್ಠೆಯಿಂದ ಅನುಸರಿಸಿದೆ. ಬರೀ ಕೆಂಪು ಗೀಟು ಎಳೆದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಕನ್ನಡ ಎಲ್ಲಿಯವರೆಗೆ ಜತೆಗೆ ಬಂತು, ಎಲ್ಲಿ ಬಿಟ್ಟಿತು ಎಂದು ತೋರಿಸಿ. ಆಡುಮಾತು ಬಂದರೆ ಇಂಗ್ಲಿಷ್ ಕೆಡುತ್ತದೆ ಎಂದು ತರಗತಿಯಲ್ಲಿ ಮಕ್ಕಳ ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಹೋಗ್ಯಾನ ಎಂಬ ರೂಪವನ್ನು ಹೊರಗಿಟ್ಟು 'ಹ್ಯಾಸ್ ಗಾನ್' ಕಲಿಸುವುದು ಕೈಯಲ್ಲಿರುವ ದೀಪ ಆರಿಸಿ ಹುಡುಕಿದಂತೆ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಗ್ಗೆ ಒಂದೇ ಮಾತು. ವಾಕ್ಯ ತಿರುಗಿಸುವ ಯಂತ್ರದಂತೆ ಅದನ್ನು ಕಲಿಸುತ್ತೇವೆ, 'ಎ ಮ್ಯಾಂಗೋ ಈಸ್ ಈಟನ್ ಬೈ ಮಿ' ಎಂದು ಯಾರೂ ಆಡದ ವಾಕ್ಯ ಬರೆಸುತ್ತೇವೆ. ಪ್ಯಾಸಿವ್ ಬೇಕಾಗುವುದು ಮಾಡಿದವರು ಗೊತ್ತಿಲ್ಲದಾಗ, ಅಥವಾ ಹೇಳುವ ಅಗತ್ಯ ಇಲ್ಲದಾಗ. 'ದ ಥೀಫ್ ವಾಸ್ ಕಾಟ್.' ಇದಕ್ಕೆ ನಮ್ಮ ಮಾತು 'ಕಳ್ಳನ್ನ ಹಿಡಿದ್ರಂತ'. ಹಿಡಿದವರು ಯಾರೆಂಬುದನ್ನು ಕನ್ನಡವೂ ಬಿಟ್ಟಿದೆ, ಬೇರೆ ರೀತಿಯಲ್ಲಿ. 'ಹಿಡಿಯಲ್ಪಟ್ಟನು' ಎಂಬುದನ್ನು ದಯವಿಟ್ಟು ತರಬೇಡಿ.

ಈಗ ಅಲಂಕಾರಗಳು, ಫಿಗರ್ಸ್ ಆಫ್ ಸ್ಪೀಚ್. ಈ ಮಾತನ್ನು ಕೊಪ್ಪಳದಲ್ಲಿ ನಿಂತು ಆಡುವಾಗ ನನಗೆ ಹೆಮ್ಮೆ ಅನ್ನಿಸುತ್ತದೆ. ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅದು ಕತೆಯಲ್ಲ, ಪುರಾಣವಲ್ಲ, ಅಲಂಕಾರಶಾಸ್ತ್ರ. ದಂಡಿಯ ಸಂಸ್ಕೃತ ಗ್ರಂಥವನ್ನು ಬಹುಮಟ್ಟಿಗೆ ಆಧರಿಸಿ, ಉಪಮೆ ರೂಪಕಗಳನ್ನು ಕನ್ನಡದಲ್ಲೇ ಉದಾಹರಿಸಿ ವಿವರಿಸುವ ಪುಸ್ತಕ. ಕನ್ನಡದ ತಿರುಳು ಯಾವ ನಾಡಿನಲ್ಲಿದೆ ಎಂದು ಹೇಳುವಾಗ ಅದು ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಕೊಪಣ ಎಂದರೆ ಈ ಕೊಪ್ಪಳ. ಇಂಥ ಊರಿನಲ್ಲಿ ಅಲಂಕಾರ ಎಂದರೆ ಪರೀಕ್ಷೆಯ ಒಂದು ಅಂಕ ಆಗಬಾರದು.

ಆಗಿರುವುದು ಮಾತ್ರ ಅದೇ. ಲೈಕ್, ಆ್ಯಸ್ ಕಂಡರೆ ಸಿಮಿಲಿ (ಉಪಮೆ), ಕಾಣದಿದ್ದರೆ ಮೆಟಫರ್ (ರೂಪಕ) ಎಂದು ಸೂತ್ರ ಕೊಟ್ಟಿದ್ದೇವೆ. 'ಐ ಲೈಕ್ ಮ್ಯಾಂಗೋಸ್' ಎಂಬಲ್ಲಿಯೂ ಸಿಮಿಲಿ ಎಂದು ಬರೆದ ಮಕ್ಕಳಿದ್ದಾರೆ. 'ಹಿ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಬ್ರದರ್' ಎಂಬುದರಲ್ಲಿ ಎರಡು ಆ್ಯಸ್ ಇವೆ, ಸಿಮಿಲಿ ಇಲ್ಲ. ಅಣ್ಣ ತಮ್ಮಂದಿರ ಎತ್ತರ ಅಳೆದು ಹೇಳಿದ ಸಾದಾ ಮಾತದು. 'ಹಿ ಈಸ್ ಆ್ಯಸ್ ಟಾಲ್ ಆ್ಯಸ್ ಎ ಪಾಮ್ ಟ್ರೀ' ಅಂದರೆ ಸಿಮಿಲಿ. ಬೇರೆ ಜಾತಿಯ ಎರಡು ವಸ್ತುಗಳನ್ನು ಒಂದು ಗುಣದ ನೆಪದಲ್ಲಿ ಹತ್ತಿರ ತಂದಾಗ ಮಾತ್ರ ಅದು ಅಲಂಕಾರ.

ನಮ್ಮ ಹಳಬರು ಇದನ್ನು ಬಿಡಿಸಿದ ರೀತಿ ಇಂಗ್ಲಿಷ್ ಕಲಿಸಲು ಇವತ್ತಿಗೂ ಎಲ್ಲಕ್ಕಿಂತ ಒಳ್ಳೆಯ ಸಾಧನ. ಉಪಮೆಗೆ ನಾಲ್ಕು ಅಂಗ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ರಾಯಚೂರಿನ ಕಪ್ಪು ನೆಲದಲ್ಲಿ ಬೆಳೆಯುವ ಹತ್ತಿಯನ್ನೇ ತೆಗೆದುಕೊಳ್ಳಿ. 'ಕೂಸಿನ ಗಲ್ಲ ಹತ್ತಿ ಹಂಗ ಮೆತ್ತಗ ಐತಿ.' ಗಲ್ಲ ಉಪಮೇಯ, ಹತ್ತಿ ಉಪಮಾನ, ಮೆತ್ತಗಿರುವುದು ಸಮಾನಧರ್ಮ, 'ಹಂಗ' ವಾಚಕ. 'ದ ಬೇಬೀಸ್ ಚೀಕ್ಸ್ ಆರ್ ಆ್ಯಸ್ ಸಾಫ್ಟ್ ಆ್ಯಸ್ ಕಾಟನ್' ಎಂಬುದರಲ್ಲೂ ನಾಲ್ಕೂ ಇವೆ, ಎಣಿಸಿಕೊಳ್ಳಿ. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದು ಬಿಟ್ಟುಹೋದರೆ ಲುಪ್ತೋಪಮೆ. 'ಶಿ ರನ್ಸ್ ಲೈಕ್ ದ ವಿಂಡ್' ಎಂಬುದರಲ್ಲಿ ವೇಗ ಎಂಬ ಮಾತೇ ಇಲ್ಲ, ಕೇಳುವವರು ತುಂಬಿಕೊಳ್ಳಬೇಕು. ಇಂಗ್ಲಿಷಿನ ಶಾಲಾ ಪುಸ್ತಕಗಳಲ್ಲಿ ಈ ಭೇದವನ್ನು ಕಾಣುವುದು ಅಪರೂಪ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ 1936ರಲ್ಲಿ ಮೆಟಫರಿನ ಎರಡು ಭಾಗಗಳಿಗೆ ಟೆನರ್, ವೆಹಿಕಲ್ ಎಂದು ಹೆಸರು ಕೊಟ್ಟ. ಸರಿಸುಮಾರಾಗಿ ಅವು ನಮ್ಮ ಉಪಮೇಯ, ಉಪಮಾನಗಳ ಜಾಗದಲ್ಲಿ ನಿಲ್ಲುತ್ತವೆ. ನಮ್ಮ ಭಾಷೆಯಲ್ಲಿ ಆ ಚರ್ಚೆ ಅಷ್ಟೊತ್ತಿಗಾಗಲೇ ಸಾವಿರ ವರ್ಷ ದಾಟಿತ್ತು.

ವಾಚಕ ಹೋಗಿ, ಎರಡೂ ಒಂದೇ ಎಂದರೆ ರೂಪಕ, ಮೆಟಫರ್. ಗಂಗಾವತಿಯನ್ನು ಭತ್ತದ ಕಣಜ ಅನ್ನುತ್ತೇವೆ, ಕಣಜದ ಹಾಗಿದೆ ಅನ್ನುವುದಿಲ್ಲ. ದಿನಾ ಬಳಸಿ ರೂಪಕ ಎಂಬುದೇ ಮರೆತುಹೋದವೂ ಇವೆ: ಸೂಜಿಯ ಕಣ್ಣು, ಬೆಟ್ಟದ ಬುಡ, ಗಡಿಯಾರದ ಮುಳ್ಳು. ಇಂಗ್ಲಿಷಿನವರಿಗೆ ಸೂಜಿಗೆ ಕಣ್ಣೇ, ಬೆಟ್ಟಕ್ಕೆ ಪಾದ, ಗಡಿಯಾರಕ್ಕೆ ಕೈ.

ಪರ್ಸಾನಿಫಿಕೇಷನ್, ಹೈಪರ್ಬೊಲಿ, ಅಲಿಟರೇಷನ್ ಇವನ್ನು ವಿವರಿಸುವ ಅಗತ್ಯ ನಿಮಗಿಲ್ಲ. ಚೇತನವಿಲ್ಲದ್ದಕ್ಕೆ ಮನುಷ್ಯರ ನಡೆ ಕೊಡುವುದು, ಅತಿಶಯೋಕ್ತಿ, ವರ್ಣಗಳ ಅನುಪ್ರಾಸ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಅಲಿಟರೇಷನ್ ನೋಡುವುದು ಪದದ ಮೊದಲ ಧ್ವನಿಯನ್ನು, ಬರೆದ ಅಕ್ಷರವನ್ನಲ್ಲ. 'ಸಿಟಿ' ಮತ್ತು 'ಕ್ಯಾಟ್' ಎರಡೂ ಒಂದೇ ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತವೆ, ಅಲಿಟರೇಷನ್ ಆಗುವುದಿಲ್ಲ. ಆಕ್ಸಿಮೊರಾನ್, ಪ್ಯಾರಡಾಕ್ಸ್ ಎರಡೂ ನಮ್ಮ ವಿರೋಧಾಭಾಸದ ಮನೆಯವೇ. ಎದುರುಬದುರಾದ ಎರಡು ಪದ ಅಕ್ಕಪಕ್ಕ ಕೂತರೆ ಮೊದಲನೆಯದು, ಇಡೀ ಹೇಳಿಕೆಯೇ ಮೇಲ್ನೋಟಕ್ಕೆ ವಿರೋಧವಾಗಿ ಒಳಗೆ ನಿಜವಾಗಿದ್ದರೆ ಎರಡನೆಯದು.

ಗೊಂದಲ ಹೆಚ್ಚಿರುವುದು ಮೆಟಾನಮಿ, ಸಿನೆಕ್ಡಕಿ ಇವೆರಡರಲ್ಲಿ. ಇವನ್ನು ನಮ್ಮ ಅಲಂಕಾರಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ಶಾಸ್ತ್ರ ಇವನ್ನು ಇಟ್ಟಿರುವುದು ಶಬ್ದಶಕ್ತಿಯಲ್ಲಿ, ಲಕ್ಷಣಾ ಎಂಬ ಕಡೆ. ಗಂಗೆಯ ಮೇಲೆ ಹಳ್ಳಿ ಎಂದರೆ ನೀರಿನ ಮೇಲೆ ಹಳ್ಳಿ ಇರಲಾರದು, ದಡದ ಮೇಲೆ ಎಂದು ತಿಳಿಯಬೇಕು ಎಂಬುದು ಅದಕ್ಕೆ ಹಳೆಯ ಉದಾಹರಣೆ. ಕಲಿಸಲು ದಿನಪತ್ರಿಕೆ ಸಾಕು. 'ವಿಧಾನಸೌಧ ಇನ್ನೂ ಬಾಯಿ ಬಿಟ್ಟಿಲ್ಲ' ಎಂದರೆ ಕಟ್ಟಡದ ಹೆಸರಲ್ಲಿ ಸರ್ಕಾರ. ಎರಡಕ್ಕೂ ಸಂಬಂಧ ಇದೆ, ಒಂದು ಇನ್ನೊಂದರ ತುಂಡಲ್ಲ. ಇದು ಮೆಟಾನಮಿ. 'ಮನ್ಯಾಗ ಆರು ಹೊಟ್ಟಿ ಅದಾವ, ದುಡಿಯೋ ಕೈ ಎರಡ' ಎಂದರೆ ಹೊಟ್ಟೆ, ಕೈ ಎರಡೂ ಮನುಷ್ಯರ ಭಾಗಗಳೇ. ಭಾಗ ಹೇಳಿ ಇಡಿಯನ್ನು ಸೂಚಿಸಿದ್ದು, ಸಿನೆಕ್ಡಕಿ. ಅದೊಂದು ವಾಕ್ಯದಲ್ಲಿ ಒಂದು ಮನೆಯ ಬಡತನ ಪೂರ್ತಿ ಇದೆ. ಆರು ಜನ ಎಂದಿದ್ದರೆ ಅದು ಜನಗಣತಿ ಆಗುತ್ತಿತ್ತು. ಅಲಂಕಾರ ಮಾಡುವ ಕೆಲಸ ಏನು ಎಂದು ಮಕ್ಕಳನ್ನು ಕೇಳಬೇಕಾದದ್ದು ಇಂಥ ಕಡೆ: ಹೊಟ್ಟೆ ತೆಗೆದು ಜನ ಹಾಕಿದರೆ ಏನು ಹೋಯಿತು?

ಯೂಫೆಮಿಸಂ, ಅಂದರೆ ಕಹಿಯಾದದ್ದನ್ನು ಮೆತ್ತಗೆ ಮರೆಮಾಡಿ ಹೇಳುವ ಮಾತು, ಅದರ ಬಗ್ಗೆಯೂ ಹೇಳಲೇಬೇಕು, ಅದರಲ್ಲಿ ನಮ್ಮ ಹಳ್ಳಿಗಳನ್ನು ಮೀರಿಸಿದವರಿಲ್ಲ. 'ಪಾಸ್ಡ್ ಅವೇ' ಎಂಬ ಒಂದು ಉದಾಹರಣೆಯನ್ನೇ ವರ್ಷಗಟ್ಟಲೆ ಬರೆಸುತ್ತಿದ್ದೇವೆ. ಹೊರಡುವಾಗ ನಾವು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ದೀಪ ಆರಿಸು ಅನ್ನದೆ ಶಾಂತ ಮಾಡು ಅನ್ನುತ್ತೇವೆ. ಗದ್ದೆಯಲ್ಲಿ ಕಳೆ ಕೀಳುವಾಗ ಯಾರಿಗಾದರೂ ಹಾವು ಕಚ್ಚಿದರೆ ಓಡಿಬಂದವರ ಬಾಯಿಂದ ಬರುವುದು 'ಹುಳ ಮುಟ್ಟೈತಿ' ಎಂಬ ಮಾತು. ಹಾವು ಹುಳವಾಯಿತು, ಕಚ್ಚುವುದು ಮುಟ್ಟುವುದಾಯಿತು. ಅಷ್ಟು ಭಯದ ಗಳಿಗೆಯಲ್ಲೂ ನಾಲಿಗೆ ಆ ಎರಡು ಪದಗಳನ್ನು ತಪ್ಪಿಸಿಕೊಂಡು ಹೋಗುತ್ತದೆ. ಯೂಫೆಮಿಸಂ ಯಾಕೆ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ನಾನು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಕಂಡಿಲ್ಲ. ಸಿಂಧನೂರು, ಕಾರಟಗಿ ಕಡೆಯ ಮಕ್ಕಳಿಗೆ ಇದನ್ನು ಹೇಳಿ, ಅವರೇ ಇನ್ನೂ ಹತ್ತು ಮಾತು ತಂದುಕೊಡುತ್ತಾರೆ.

ಮಾತು ಮುಗಿದ ಮೇಲೆ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಒಳ್ಳೆಯದಿತ್ತು. 'ಆ್ಯಸ್ ಓಲ್ಡ್ ಆ್ಯಸ್ ದ ಹಿಲ್ಸ್' ಎಂಬುದು ಸಿಮಿಲಿಯೋ ಹೈಪರ್ಬೊಲಿಯೋ, ಆಯ್ಕೆಯಲ್ಲಿ ಎರಡೂ ಇದ್ದರೆ ಏನು ಬರೆಯಬೇಕು? ಎರಡೂ ಹೌದು ಎಂಬುದೇ ನಿಜವಾದ ಉತ್ತರ. ಸಿಮಿಲಿ ಎಂಬುದು ಮಾತಿನ ಕಟ್ಟಡಕ್ಕೆ ಇಟ್ಟ ಹೆಸರು, ಹೈಪರ್ಬೊಲಿ ಎಂಬುದು ಅದರ ಅಳತೆಗೆ ಇಟ್ಟ ಹೆಸರು. ಒಂದೇ ವಾಕ್ಯಕ್ಕೆ ಎರಡೂ ಸಲ್ಲಬಹುದು. ಗುರುತು ಹಾಕಲೇಬೇಕಾದ ಕಡೆ, ಆ್ಯಸ್-ಆ್ಯಸ್ ಎಂಬ ವಾಚಕ ಕಣ್ಣಿಗೆ ಕಾಣುವಂತೆ ಕೂತಿರುವುದರಿಂದ ಸಿಮಿಲಿ ಎಂದು ಹಾಕುವುದು ಸುರಕ್ಷಿತ. ಮುಂದೆ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ನಿಮ್ಮ ಕೈಗೆ ಬಂದಾಗ ಇಂಥ ಎರಡು ಆಯ್ಕೆಗಳನ್ನು ಒಟ್ಟಿಗೆ ಇಡಬೇಡಿ ಎಂದೆ.